ಮಗುಚಿ ಮಲಗಿಸಿದ ಮೀನು

ಮೇ ೬, ಶನಿವಾರ

ಲಾಯರಮ್ಮ ರಜೆಗೆ ಬಂದಳು. ಬಸ್ ನಿಲ್ದಾಣದಲ್ಲಿ ಅವಳ ಬ್ಯಾಗಿಗೆ ಕೈ ಹಾಕಿದರೆ ಸುಮ್ಮನೆ ಕೊಟ್ಟುಬಿಟ್ಟಳು. ಮೊದಲಾಗಿದ್ದರೆ "ಯಾಕೆ, ನನ್ನ ಕೈಗೇನಾಗಿದೆ?" ಎಂದು ಅಲ್ಲೇ ಒಂದು ಮೊಕದ್ದಮೆ ಹೂಡುತ್ತಿದ್ದಳು. ಮಾತು ಕಲಿತ ದಿನದಿಂದ ವಾದ ಮಾಡಿದ ಮಗಳು. ಆ ಹೆಸರನ್ನು ಅವರಪ್ಪ ಸುಮ್ಮನೆ ಇಟ್ಟಿಲ್ಲ. ಊಟಕ್ಕೆ ಉಪ್ಪು ಹೆಚ್ಚು, ಕಿಟಕಿ ಯಾಕೆ ಮುಚ್ಚಿದೆ, ಪಕ್ಕದ ಮನೆಯಾಕೆ ಹೇಳಿದ್ದು ಶುದ್ಧ ಸುಳ್ಳು. ಒಂದನ್ನೂ ಬಿಟ್ಟವಳಲ್ಲ.

ಮನೆಗೆ ಬಂದು ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ಅಮ್ಮ, ನೀರು ಕುಡೀಲಾ?"

ಇವರಿಗೂ ನನಗೂ ನಗು ತಡೆಯಲಾಗಲಿಲ್ಲ. "ಕುಡಿಯಮ್ಮ, ನಿಮ್ಮಪ್ಪಂದೇ ಮನೆ," ಎಂದರು ಇವರು.

ಎಂಥ ಮರ್ಯಾದೆ ಕಲಿಸಿದ್ದಾರೆ! ಕೋಚಿಂಗ್ ಹಾಸ್ಟೆಲ್ಲಿಗೆ ಸೇರಿಸಿ ಬಂದ ದಿನ ನಾನು ಬಸ್ಸಿನಲ್ಲಿ ಅತ್ತಿದ್ದೆ. ಇವತ್ತು ಸಾರ್ಥಕ ಅನ್ನಿಸಿತು. ಇನ್ನೊಂದು ವರ್ಷ ಹಲ್ಲು ಕಚ್ಚಿದರೆ ಡಾಕ್ಟರ್ ಓದಿಗೆ ಸೀಟು. ನಾನು ಜೀವಮಾನವೆಲ್ಲ ಅಕ್ವೇರಿಯಮ್ಮಿನಲ್ಲಿ ಮೀನಿನ ತೊಟ್ಟಿಗೆ ಉಪ್ಪು ಕಲಸಿದ್ದು ಸಾಕು, ಅವಳು ಬಿಳಿ ಕೋಟು ಹಾಕಲಿ.

ಮೇ ೮, ಸೋಮವಾರ

ಸೌಟಮ್ಮನ ತೂಕದ ದಿನ. ಪುಸ್ತಕದವರು ಅದನ್ನು ಗಿಟಾರ್ ಮೀನು ಎನ್ನುತ್ತಾರೆ. ನಾನು ಗಿಟಾರನ್ನು ಹತ್ತಿರದಿಂದ ನೋಡಿದವಳಲ್ಲ. ನನ್ನ ಕಣ್ಣಿಗೆ ಅದು ಸೌಟು: ಮುಂದೆ ಚಪ್ಪಟೆ, ಹಿಂದೆ ಉದ್ದ ಹಿಡಿ. ಮೀನುಗಾರರ ಬಲೆಗೆ ಸಿಕ್ಕಿ ನಮ್ಮ ಅಕ್ವೇರಿಯಮ್ಮಿಗೆ ಬಂದಾಗ ಹಿಂಬದಿಯ ದೊಡ್ಡ ಕೋಣೆಯ ದುಂಡು ತೊಟ್ಟಿಯಲ್ಲಿ ಇಳಿಸಿದವಳು ನಾನೇ. ಈಗಲೂ ಅದನ್ನು ಮುಟ್ಟುವವಳು ನಾನೊಬ್ಬಳೇ.

ಕೆಲಸ ಸುಲಭ, ಗೊತ್ತಿದ್ದವರಿಗೆ. ಬಟ್ಟೆಯ ಜೋಲಿಯನ್ನು ಹೊಟ್ಟೆಯ ಕೆಳಗೆ ತೂರಿಸಿ, ಒಂದು ಕೈ ಬಾಲದ ಬುಡಕ್ಕೆ, ಒಂದು ಕೈ ಮೂತಿಗೆ ಕೊಟ್ಟು ಮೆಲ್ಲಗೆ ಮಗುಚಬೇಕು. ಅಂಗಾತ ಆದ ಕೂಡಲೇ ಬಾಲ ಸಡಿಲ, ಮೈ ಸಡಿಲ. ಕಲ್ಲಿನ ಹಾಗೆ ಸುಮ್ಮನೆ. ಅಳೆಯಬಹುದು, ತೂಗಬಹುದು, ಹೊಟ್ಟೆಯ ಕಡೆ ಸಾಲಾಗಿರುವ ಕಿವಿರಿನ ಸೀಳುಗಳನ್ನು ಪುರುಸೊತ್ತಿನಲ್ಲಿ ನೋಡಬಹುದು. ಹೊಸಬರು ಮಾಡಿದರೆ ತೊಟ್ಟಿಯ ನೀರೆಲ್ಲ ಮೈಮೇಲೆ ರಾಚುತ್ತದೆ.

"ನಿಮ್ಮ ಕೈಯಲ್ಲಿ ಮಗು ಮಲಗಿದ ಹಾಗೆ ಮಲಗುತ್ತಲ್ರೀ," ಎಂದರು ಮ್ಯಾನೇಜರ್. ಹೊಗಳಿಕೆ ಸುಳ್ಳಲ್ಲವಾದ್ದರಿಂದ ಇಟ್ಟುಕೊಂಡೆ.

ಮೇ ೧೧, ಗುರುವಾರ

ಮಗಳನ್ನು ಕೆಲಸಕ್ಕೆ ಕರೆದುಕೊಂಡು ಹೋಗಿದ್ದೆ. ಚಿಕ್ಕವಳಿದ್ದಾಗ ಇದೇ ಕೋಣೆಯಲ್ಲಿ ನಮ್ಮಿಬ್ಬರಿಗೂ ದೊಡ್ಡ ವ್ಯಾಜ್ಯ ನಡೆದಿತ್ತು. ಆಗಲೂ ಒಂದು ಗಿಟಾರ್ ಮೀನಿತ್ತು. "ಶಾರ್ಕು," ಎಂದಳು. "ತೊರಕೆ," ಎಂದೆ, ನೆಲಕ್ಕೆ ಒರಗಿ ಬದುಕುವ ಚಪ್ಪಟೆ ಮೀನುಗಳೆಲ್ಲ ನಮ್ಮ ಬಾಯಲ್ಲಿ ತೊರಕೆಯೇ. "ಬಾಲ ನೋಡು, ಬೆನ್ನ ಮೇಲಿನ ರೆಕ್ಕೆ ನೋಡು, ಶಾರ್ಕೇ!" "ಕಿವಿರು ನೋಡೇ, ಶಾರ್ಕಿಗೆ ಪಕ್ಕದಲ್ಲಿರುತ್ತೆ, ತೊರಕೆಗೆ ಕೆಳಗಿರುತ್ತೆ." ಆ ಜಗಳ ವರ್ಷಗಟ್ಟಲೆ ನಡೆಯಿತು. ಒಮ್ಮೆ ನನ್ನ ಮೇಲೆ ಚಪ್ಪಲಿ ಎಸೆದು ಒಂದೇ ಚಪ್ಪಲಿಯಲ್ಲಿ ಮನೆಗೆ ನಡೆದಿದ್ದಳು.

ಇವತ್ತು ಬೇಕೆಂದೇ ಕೆಣಕಿದೆ. "ಏನಮ್ಮ ಲಾಯರಮ್ಮ, ಇದು ಯಾವುದು?"

ತೊಟ್ಟಿಯನ್ನು ನೋಡಿದಳು. ನನ್ನ ಮುಖ ನೋಡಿದಳು. "ತೊರಕೆ," ಎಂದಳು.

"ಅಂತೂ ಒಪ್ಪಿಕೊಂಡೆ!"

"ಹೂಂ."

ಗೆದ್ದೆ. ಆದರೆ ಗೆದ್ದ ಖುಷಿ ಚಹಾ ಮುಗಿಯುವ ತನಕವೂ ಉಳಿಯಲಿಲ್ಲ. ವಯಸ್ಸಾಯಿತೇನೋ ನನಗೆ.

ಮೇ ೧೪, ಭಾನುವಾರ

ಇವರು ಮಗಳ ಹೊಸ ಸಮವಸ್ತ್ರಕ್ಕೆ ಅಳತೆ ತೆಗೆದರು. ಊರಿನ ಅರ್ಧ ಮಕ್ಕಳ ಸಮವಸ್ತ್ರ ಇವರ ಅಂಗಡಿಯಲ್ಲೇ ಹೊಲಿಯುವುದು. ಮಗಳದ್ದನ್ನು ಮಾತ್ರ ಮನೆಯಲ್ಲೇ, ಬಿಡುವಿನಲ್ಲಿ. ಮೊದಲೆಲ್ಲ ಅವಳನ್ನು ನಿಲ್ಲಿಸುವುದೇ ಹರಸಾಹಸ. ಕಚಗುಳಿ, ಓಟ, ಟೇಪನ್ನು ಹಾವು ಮಾಡಿ ಆಟ. ಇವತ್ತು ಕೈ ಎತ್ತು ಎಂದರೆ ಎತ್ತಿದಳು. ಇಳಿಸು ಎನ್ನಲು ಇವರು ಮರೆತರು. ಇವರು ಬರೆದುಕೊಂಡು ತಲೆ ಎತ್ತುವವರೆಗೂ ಎತ್ತಿಕೊಂಡೇ ನಿಂತಿದ್ದಳು.

ಸೊಂಟದ ಅಳತೆಯನ್ನು ಇವರು ಮತ್ತೆ ಮತ್ತೆ ತೆಗೆದರು. ಹಳೆಯ ಲಂಗವನ್ನು ತಂದು ಪಕ್ಕದಲ್ಲಿ ಹಾಸಿ ನೋಡಿದರು.

"ಏನಾಯ್ತು?" ಎಂದೆ.

"ಟೇಪ್ ಹಳೇದಾಗಿದೆ. ಎಳೆದು ಹೋಗಿದೆ, ಕಮ್ಮಿ ತೋರಿಸ್ತಿದೆ."

ಬೆಳೆಯುವ ಹುಡುಗಿ, ಹಾಸ್ಟೆಲ್ ಊಟ. ಸ್ವಲ್ಪ ಇಳಿದಿರಬಹುದು. ಈಗ ದಿನಕ್ಕೆರಡು ಮೊಟ್ಟೆ ಕೊಡುತ್ತಿದ್ದೇನೆ.

ಮೇ ೧೬, ಮಂಗಳವಾರ

ತಲೆ ಕೆಟ್ಟುಹೋಗಿದೆ. ಮೀನುಗಳನ್ನು ನೋಡಿಕೊಳ್ಳುವ ಹೊಸ ಡಾಕ್ಟರ್ ಬಂದು ಇನ್ನೂ ತಿಂಗಳು ತುಂಬಿಲ್ಲ. ನಿನ್ನೆ ತೂಕದ ಹೊತ್ತಿಗೆ ಸೌಟಮ್ಮನ ಬಾಲದಿಂದ ರಕ್ತ ತೆಗೆದಿದ್ದಳು. ಇವತ್ತು ನನ್ನನ್ನು ಪಕ್ಕಕ್ಕೆ ಕರೆದು ಹೇಳುತ್ತಾಳೆ:

"ಅಕ್ಕ, ಬೇಜಾರು ಮಾಡ್ಕೋಬೇಡಿ. ಅದು ನಿದ್ದೆ ಮಾಡ್ತಾ ಇಲ್ಲ. ನಿಮ್ಮ ಕೈಯಲ್ಲಿ ಸುಮ್ನೆ ಮಲಗಿತ್ತಲ್ಲ, ಆಗ ತೆಗೆದ ರಕ್ತ ನೋಡಿದ್ರೆ, ಜೀವ ಉಳಿಸ್ಕೊಳ್ಳೋಕೆ ಓಡಿ ಓಡಿ ಸುಸ್ತಾದ ಮೀನಿನ ಥರ ಇದೆ."

"ಕದಲದೇ ಇರೋ ಮೀನು ಎಲ್ಲಿಗೆ ಓಡುತ್ತೆ, ತಾಯಿ?"

"ಅದೇ ಅಕ್ಕ ನಾನು ಹೇಳ್ತಿರೋದು."

ಅಜ್ಜಿಗೆ ಕೆಮ್ಮು ಹೇಳಿಕೊಡಲು ಬಂದಿದ್ದಾಳೆ! ಇವಳು ಹಲ್ಲುಜ್ಜಲು ಕಲಿಯುವ ಮೊದಲೇ ನಾನು ತೊರಕೆ ಹಿಡಿದವಳು. ಮಷೀನಿಗೆ ರಕ್ತ ಹಾಕಿದರೆ ಅದೇನೋ ಅಂಕಿ ಬರುತ್ತದೆ; ಕೈಗೆ ತಿಳಿಯುವುದು ಅಂಕಿಗೆ ತಿಳಿಯುತ್ತದೆಯೇ?

ಆ ಸಿಟ್ಟಿನಲ್ಲಿ ಸಂಜೆ ಅಡುಗೆಗೆ ಎರಡು ಸಲ ಉಪ್ಪು ಹಾಕಿದ್ದೇನೆ. ಇವರು ಮೊದಲ ತುತ್ತಿಗೇ "ಥೂ, ಇದೇನು ಸಮುದ್ರಾನಾ?" ಎಂದು ಎದ್ದರು. ಮಗಳು ತಲೆ ತಗ್ಗಿಸಿ ತಟ್ಟೆ ಪೂರ್ತಿ ಖಾಲಿ ಮಾಡಿದಳು. ನಾನು ಎರಡನೇ ತುತ್ತು ತೆಗೆಯುವಷ್ಟರಲ್ಲಿ ಅವಳ ಊಟ ಮುಗಿದೇ ಹೋಗಿತ್ತು. "ಉಪ್ಪಾಗಿಲ್ವೇನೇ?" ಎಂದರೆ "ಪರವಾಗಿಲ್ಲ," ಎಂದಳು. ಅವರಪ್ಪನಿಗಿಂತ ಅವಳೇ ವಾಸಿ.

ಮೇ ೧೯, ಶುಕ್ರವಾರ

ಸೌಟಮ್ಮ ಬಸುರಿ! ಡಾಕ್ಟರ್ ಸ್ಕ್ಯಾನ್ ಮಾಡಿ ತೋರಿಸಿದಳು. ಮೊಟ್ಟೆ ಇಡುವ ಜಾತಿಯಲ್ಲ ಇದು, ಹೊಟ್ಟೆಯಲ್ಲೇ ಮರಿ ಬೆಳೆಸಿ ಹಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಕಣ್ಣಾರೆ ಕಂಡದ್ದು ಇದೇ ಮೊದಲು. ಬೂದು ಪರದೆಯ ಮೇಲೆ ಪುಟ್ಟ ಪುಟ್ಟ ಸೌಟುಗಳು, ರೆಕ್ಕೆಯನ್ನು ಮೈಗೆ ಸುತ್ತಿಕೊಂಡು ಮಡಚಿಟ್ಟ ಕರವಸ್ತ್ರದ ಹಾಗೆ. ಬಲೆಗೆ ಬೀಳುವ ಮೊದಲೇ ಬಸುರಾಗಿತ್ತು ಪಾಪ. ಕಣ್ಣು ತುಂಬಿ ಬಂತು. ಡಾಕ್ಟರ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಇಳಿದ ಅರ್ಧವನ್ನು ಅವಳೇ ಮತ್ತೆ ಏರಿಸಿದಳು. ನಾಳೆ ದೊಡ್ಡ ದೊಡ್ಡ ಅತಿಥಿಗಳು ಬರುತ್ತಾರೆ, ಅವರ ಮುಂದೆ ನಾನು ಸೌಟಮ್ಮನನ್ನು ಮಲಗಿಸಿ ತೋರಿಸಬೇಕೆಂದು ಮ್ಯಾನೇಜರ್ ಹೇಳಿದ್ದರು. ಡಾಕ್ಟರ್ ಬೇಡವೇ ಬೇಡ ಎಂದು ಹಟ ಹಿಡಿದಳು. ಹೆದರಿದರೆ ಈ ಮೀನುಗಳು ದಿನ ತುಂಬದೆಯೇ ಮರಿ ಹಾಕಿಬಿಡುತ್ತವಂತೆ. ಬಲೆಗೆ ಸಿಕ್ಕ ಬಸುರಿ ತೊರಕೆಗಳು ದೋಣಿಯ ಮೇಲೆಯೇ ಹಡೆದುಬಿಡುವುದು ಅದಕ್ಕೇ ಅಂತೆ.

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ನೀವೇ ಹೇಳಿ. ನಿಮ್ಮ ಕೈಯಲ್ಲಿ ಅದು ಯಾವತ್ತಾದ್ರೂ ಹೆದರಿದ್ಯಾ?"

"ಇಲ್ಲ," ಎಂದೆ.

ಡಾಕ್ಟರ್ ನನ್ನನ್ನೇ ನೋಡುತ್ತ ನಿಂತಳು. ನೋಡಲಿ.

ಮೇ ೨೦, ಶನಿವಾರ

ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ನೀಲಿ ಸಮವಸ್ತ್ರ ಇಸ್ತ್ರಿ ಮಾಡಿಸಿಕೊಂಡು ಹೋಗಿದ್ದೆ. ಸೌಟಮ್ಮ ಮಗುಚಿದ ಕೂಡಲೇ ಮಲಗಿದಳು, ಬಾಲದ ತುದಿಯೂ ಅಲುಗಲಿಲ್ಲ. ಒಬ್ಬ ಹೆಂಗಸು "ನೋಡಿ, ಎಷ್ಟು ನಂಬಿಕೆ!" ಎಂದಳು. ಮೌನವೇ ಒಪ್ಪಿಗೆ ಎಂದು ಮ್ಯಾನೇಜರ್ ಮೈಕಿನಲ್ಲಿ ಚಟಾಕಿ ಹಾರಿಸಿದರು, ಎಲ್ಲರೂ ನಕ್ಕರು. ಫೋಟೋ ಚೆನ್ನಾಗಿ ಬರಲೆಂದು ಇನ್ನಷ್ಟು ಹೊತ್ತು ಹಿಡಿಯಲು ಹೇಳಿದರು. ಹಿಡಿದೆ.

ಇವರೂ ಮಗಳೂ ಬಂದಿದ್ದರು. ಮನೆಗೆ ಮರಳುವಾಗ ಬಸ್ಸಿನಲ್ಲಿ ಅವಳು ಕೇಳಿದಳು, "ಅದು ಎಷ್ಟೊತ್ತಿಗೆ ಏಳುತ್ತೆ?"

"ನಾನು ಬಿಟ್ಟಾಗ."

"ನೀನು ಬಿಡದೇ ಇದ್ರೆ?"

"ಹುಚ್ಚಿ, ಯಾಕೆ ಬಿಡಲ್ಲ?"

"ಹೂಂ," ಎಂದಳು. ಅಪ್ಪಣೆ ಕೇಳುವುದು ಬಿಟ್ಟರೆ, ಬಂದ ದಿನದಿಂದ ಅವಳಾಗಿ ಕೇಳಿದ್ದು ಇದಿಷ್ಟೇ. ಮೀನಿನ ಮೇಲೆ ಆಸಕ್ತಿ ಮತ್ತೆ ಬಂದಂತಿದೆ, ಒಳ್ಳೆಯದೇ.

ಮೇ ೨೧, ಭಾನುವಾರ

ಬೆಳಗ್ಗೆ ಫೋನ್ ಬಂತು. ಸೌಟಮ್ಮ ಮರಿ ಹಾಕಿದ್ದಾಳೆ. ಒಂದೂ ಉಳಿದಿಲ್ಲ.

ಮೇ ೨೩, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ. ತೊಟ್ಟಿಯ ತಳದಿಂದ ಅವನ್ನು ಎತ್ತಿದವಳು ನಾನೇ, ಬೇರೆಯವರಿಗೆ ಬಿಡಲಿಲ್ಲ. ಅಂಗೈಯಗಲ. ಮೂತಿ ಇನ್ನೂ ಮೆತ್ತಗೆ. ಮರಿಯ ಆಹಾರವಾಗಿ ಇರುವ ಹಳದಿ ಚೀಲ ಕರಗಿರಲೇ ಇಲ್ಲ, ಹೊಟ್ಟೆಗೆ ಅಂಟಿಕೊಂಡೇ ಇತ್ತು. ಕೆಳಗೆ ಕಿವಿರಿನ ಸೀಳುಗಳು ಮಾತ್ರ ಅಚ್ಚುಕಟ್ಟಾಗಿ ಮೂಡಿದ್ದವು. ಯಾರು ನೋಡಿದರೂ ತೊರಕೆ ಎಂದು ಹೇಳುವಷ್ಟು.

ನನ್ನ ಕೈ. ಹೊಗಳಿಸಿಕೊಂಡ ಕೈ.

ಡಾಕ್ಟರ್ ನನ್ನನ್ನು ಬಯ್ಯಬಹುದಿತ್ತು. ಬಯ್ಯದೆ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತಳು. ನಾನೇ ಕೇಳಿದೆ, "ಹೆದರಿದ್ರೆ ಒದ್ದಾಡಬೇಕಲ್ಲಮ್ಮ? ಒದ್ದಾಡಲಿಲ್ಲ ಅಂದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?"

"ಒದ್ದಾಡಿ ಪ್ರಯೋಜನ ಇದೆ ಅನ್ನಿಸಿದ್ರೆ ಒದ್ದಾಡತ್ತೆ ಅಕ್ಕ. ಮೊದಮೊದಲು ಒದ್ದಾಡಿರತ್ತೆ."

ನಿಜ. ಬಂದ ಹೊಸದರಲ್ಲಿ ಸೌಟಮ್ಮನ ಬಾಲದ ಏಟಿಗೆ ನನ್ನ ಮೊಣಕೈ ಊದಿತ್ತು. ಪಳಗಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

"ಹಿಡಿದಾಗ ಏನು ಮಾಡತ್ತೆ ಅಂತ ನೋಡ್ಬೇಡಿ," ಎಂದಳು. "ಬಿಟ್ಟ ಮೇಲೆ ಏನು ಮಾಡತ್ತೆ ನೋಡಿ."

ಬಿಟ್ಟ ಮೇಲೆ ಸೌಟಮ್ಮ ಏನು ಮಾಡುತ್ತದೆ? ತೊಟ್ಟಿಯ ಗೋಡೆಗೆ ಮೂತಿ ಒತ್ತಿಕೊಂಡು ನಿಲ್ಲುತ್ತದೆ. ಕಣ್ಣಿನ ಹಿಂದಿನ ತೂತುಗಳಿಂದ ನೀರೆಳೆದುಕೊಳ್ಳುತ್ತ, ಮಾರನೆಯ ದಿನದವರೆಗೂ. ಇಷ್ಟು ದಿನ ಅದನ್ನು ನಾನು ವಿಶ್ರಾಂತಿ ಎಂದುಕೊಂಡಿದ್ದೆ.

ಸಂಜೆ ಮಗಳ ಕೋಣೆಗೆ ಇಸ್ತ್ರಿ ಬಟ್ಟೆ ಇಡಲು ಹೋದೆ. ಮಲಗಿದ್ದವಳು ನನ್ನನ್ನು ಕಂಡು ದಿಢೀರನೆ ಎದ್ದು, ಕೈ ಹಿಂದೆ ಕಟ್ಟಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು. "ಕೂತ್ಕೊಳ್ಳೇ," ಎಂದೆ. ಕೂತಳು. "ಮಲಕ್ಕೋ." ಮಲಗಿದಳು. ದೀಪ ಆರಿಸಿ ಬಂದೆ. ತಲೆನೋವು, ನಿದ್ದೆ ಬರುತ್ತಿಲ್ಲ.

ಮೇ ೨೫, ಗುರುವಾರ

ಇವರು ಹೊಸ ಟೇಪ್ ತಂದು ಮಗಳ ಅಳತೆ ಮತ್ತೆ ತೆಗೆದರು. ಅಷ್ಟೇ ಬಂತು.

ಹೊಲಿಗೆ ಮಷೀನಿನ ಮುಂದೆ ಕೂತರು. ಹೊಲಿಯಲಿಲ್ಲ. ನಾನು ಚಹಾ ಇಟ್ಟರೆ, "ಟೇಪಿನ ತಪ್ಪಲ್ಲ ಕಣೇ," ಎಂದರು. ಲೋಟ ಕೈಗೆತ್ತಿಕೊಂಡು, "ಭಾನುವಾರ ಬಿಟ್ಟು ಬರ್ಬೇಕಲ್ವಾ?" ಎಂದರು.

"ಬಿಟ್ಟು ಬರದೆ? ಸೀಟು?"

"ಅದೇ ಅದೇ," ಎಂದರು.

ಮೇ ೨೭, ಶನಿವಾರ

ಬ್ಯಾಗು ಕಟ್ಟಿದೆವು. ಅವಳು ಬಟ್ಟೆ ಮಡಚಿದ ರೀತಿ ನೋಡಬೇಕು, ಅಂಚಿಗೆ ಅಂಚು. ಮೊದಲು ಉಂಡೆ ಕಟ್ಟಿ ತುರುಕುತ್ತಿದ್ದಳು.

ಬೆಳಗ್ಗೆಯಿಂದ ಒಂದು ಮಾತು ಕೇಳಬೇಕೆಂದಿದ್ದೆ. ಕೊನೆಗೆ ಕೇಳಿದೆ, "ನಿನಗೆ ಅಲ್ಲಿಗೆ ಹೋಗ್ಬೇಕು ಅನ್ಸುತ್ತಾ, ಪುಟ್ಟಿ?"

"ಹೂಂ."

ಜೀವಕ್ಕೆ ಸಮಾಧಾನವಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಹೋಗೋದು ಬೇಡ ಅನ್ಸುತ್ತಾ?"

"ಹೂಂ."

ಅದೇ ಮುಖ, ಅದೇ ದನಿ. ಕೈಯಲ್ಲಿ ಅದೇ ಅಂಗಿ. ನಾನು ಜಿಪ್ ಎಳೆದೆ. ಅದು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು.

ಮೇ ೨೮, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಾಳೆ ನಾನೇ ನಂಬದೆ ಹೋದೇನು.

ಹಾಸ್ಟೆಲ್ಲಿನ ಮೇಡಂ ಗೇಟಿಗೇ ಬಂದು ಸ್ವಾಗತಿಸಿದರು. ಒಳ್ಳೆಯ ಹೆಂಗಸು, ನಗುಮುಖ. ಮಗಳು ಅವರನ್ನು ಕಂಡದ್ದೇ ನಮ್ಮ ನಡುವಿನಿಂದ ಹೋಗಿ, ಅಲ್ಲಿ ನಿಂತಿದ್ದ ಹುಡುಗಿಯರ ಸಾಲಿನ ಕೊನೆಯಲ್ಲಿ ನಿಂತಳು. ಯಾರೂ ಹೇಳಿರಲಿಲ್ಲ. ಅಷ್ಟೂ ಮಕ್ಕಳಿದ್ದರೂ ಅಂಗಳದಲ್ಲಿ ಒಂದು ಪಿಸುಮಾತಿಲ್ಲ.

"ನಿಮ್ಮ ಮಗಳು ಬಂಗಾರ," ಎಂದರು ಮೇಡಂ. "ಮೊದಲ ತಿಂಗಳು ಬಹಳ ವಾದ ಮಾಡ್ತಿದ್ಲು. ಎಲ್ಲದಕ್ಕೂ ಯಾಕೆ, ಯಾಕೆ. ಈಗ ನೋಡಿ, ಇದ್ದಾಳೋ ಇಲ್ವೋ ಗೊತ್ತಾಗಲ್ಲ."

"ಹೇಗೆ ಸರಿ ಮಾಡಿದ್ರಿ?" ಎಂದು ಕೇಳಿದೆ. ಕೇಳಿದ್ದು ನಾನೇ, ಆದರೆ ದನಿ ನನ್ನದಲ್ಲ ಅನ್ನಿಸಿತು.

"ಅಯ್ಯೋ, ಹೊಡೆಯೋದು ಬಡಿಯೋದು ನಮ್ಮಲ್ಲಿ ಇಲ್ಲಮ್ಮ. ಎದುರು ಮಾತಾಡಿದೋರನ್ನ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸ್ತೀವಿ, ಅಷ್ಟೆ. ನೀರಿಗೂ ಕೇಳ್ಕೊಂಡೇ ಹೋಗ್ಬೇಕು. ಯಾರೂ ಅವರ ಜೊತೆ ಮಾತಾಡೋ ಹಾಗಿಲ್ಲ. ಸ್ವಲ್ಪ ದಿನ ಒದ್ದಾಡ್ತಾರೆ, ಆಮೇಲೆ ತಾವೇ ಸುಮ್ಮನಾಗ್ತಾರೆ."

ಆಮೇಲೆ ತಾವೇ ಸುಮ್ಮನಾಗುತ್ತಾರೆ. ನಾನು ನನ್ನ ಕೈಗಳನ್ನು ನೋಡಿಕೊಂಡೆ, ಯಾಕೆಂದು ಗೊತ್ತಿಲ್ಲ. ಮಗಳ ಗಂಟಲು ಬಿಸಿಲಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಉಳಿದ ಮೈ ಕಲ್ಲು.

"ಅವಳ ಬ್ಯಾಗು," ಎಂದೆ ಇವರಿಗೆ. ತಿರುಗಿ ನೋಡಿದರೆ ಇವರು ಆಗಲೇ ಅದನ್ನು ಮತ್ತೆ ಹೆಗಲಿಗೇರಿಸಿಕೊಂಡಿದ್ದರು.

ಮೇಡಂ ಏನೇನೋ ಹೇಳಿದರು. ಭವಿಷ್ಯ, ಸೀಟು, ಎಲ್ಲರ ಮಕ್ಕಳೂ ಇರುವುದಿಲ್ಲವೇ. ಇವರು ಜನ್ಮದಲ್ಲಿ ಯಾರಿಗೂ ಎದುರಾಡಿದವರಲ್ಲ. ಅಂಗಡಿಯಲ್ಲಿ ಗಿರಾಕಿ ತಪ್ಪು ಹೇಳಿದರೂ ಬಿಚ್ಚಿ ಹೊಲಿದುಕೊಡುವ ಮನುಷ್ಯ. "ಎಲ್ಲರ ಮಕ್ಕಳ ಅಳತೇನೂ ನಾನೇ ತೆಗೆಯೋದಮ್ಮ," ಎಂದರು. "ನಮ್ಮ ಮಗು ಕರಗಿದೆ." ಅಷ್ಟು ಹೇಳುವಷ್ಟರಲ್ಲಿ ಅವರ ದನಿ ಒಡೆಯಿತು. ನಾನು ಸಾಲಿನೊಳಗೆ ಹೋಗಿ ಮಗಳ ಕೈ ಹಿಡಿದೆ. ಬಂದಳು. ಇರು ಎಂದಿದ್ದರೆ ಇರುತ್ತಿದ್ದಳು.

ಬಸ್ಸಿನಲ್ಲಿ ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಊರು ಹತ್ತಿರ ಬಂದಾಗ, "ಅಮ್ಮ, ನೀರು ಕುಡೀಲಾ?" ಎಂದಳು. ಬಾಟಲಿ ಕೊಟ್ಟೆ. ಕಿಟಕಿಯ ಕಡೆ ತಿರುಗಿ ಅತ್ತೆ.

ಜೂನ್ ೪, ಭಾನುವಾರ

ಕರೆತಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ ನಾನು ಎಂಥ ದಡ್ಡಿ. ಏನೂ ಬದಲಾಗಿಲ್ಲ. ಎದ್ದು ನಿಲ್ಲುತ್ತಾಳೆ, ಕೇಳಿ ಕುಡಿಯುತ್ತಾಳೆ, ಹೂಂ ಎನ್ನುತ್ತಾಳೆ. ಪಕ್ಕದ ಮನೆಯಾಕೆ "ಫೇಲಾದ್ಲಾ?" ಎಂದು ಕೇಳಿ ಹೋದಳು. ಸೀಟು ಹೋಯಿತು ಎಂದು ಅನ್ನಿಸಿದಾಗ ನನಗೂ ಎದೆ ಧಸಕ್ಕೆನ್ನುತ್ತದೆ, ಸುಳ್ಳು ಯಾಕೆ ಹೇಳಲಿ.

ಸೌಟಮ್ಮನೂ ತಿನ್ನುತ್ತಿಲ್ಲ. ಏಡಿ ಎಂದರೆ ಪ್ರಾಣ ಬಿಡುತ್ತಿತ್ತು. ಅದರ ಹಲ್ಲು ಕಲ್ಲು ಹಾಸಿದ ನೆಲದ ಹಾಗೆ, ಚಿಪ್ಪು ಪುಡಿ ಮಾಡುವ ಸದ್ದು ನೀರಿನ ಮೇಲೂ ಕೇಳುತ್ತಿತ್ತು. ಈಗ ಮೂತಿಯ ಮುಂದೆ ಇಟ್ಟರೂ ಮುಟ್ಟುವುದಿಲ್ಲ. ಇನ್ನು ಮಗುಚುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿಬಿಟ್ಟೆ. ಡಾಕ್ಟರೂ ನಾನೂ ಸೇರಿ ಆಳವಾದ ಜೋಲಿ ಹೊಲಿಸಿದ್ದೇವೆ, ಇವರ ಕೈಯಲ್ಲೇ. ನೀರು ತುಂಬಿ, ಬೆನ್ನು ಮೇಲಾಗಿಯೇ ತೂಗುವುದು. ಅದಾಗಿಯೇ ಜೋಲಿಯೊಳಗೆ ಬರುವವರೆಗೆ ಕಾಯಬೇಕು. ಮೊನ್ನೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದೆ, ಬರಲಿಲ್ಲ.

"ಇದೇನ್ರೀ, ಮೀನಿನ ಅಪ್ಪಣೆ ಕೇಳ್ತಿದ್ದೀರಾ?" ಎಂದರು ಮ್ಯಾನೇಜರ್.

"ಹೌದು ಸಾರ್," ಎಂದೆ.

ಜೂನ್ ೧೫, ಗುರುವಾರ

ಡಾಕ್ಟರ್ ಒಂದು ಪುಸ್ತಕ ತೋರಿಸಿದಳು. ಮೊದಲು ಈ ಗಿಟಾರ್ ಮೀನುಗಳೆಲ್ಲ ಒಂದೇ ಮನೆತನ ಎಂದಿತ್ತಂತೆ. ಈಗ ವಂಶವಾಹಿ ನೋಡಿ, ಪಾಲು ಮಾಡಿ, ಅಣ್ಣತಮ್ಮಂದಿರಿಗೆ ಬೇರೆ ಬೇರೆ ಒಲೆ ಹಚ್ಚಿಕೊಟ್ಟಿದ್ದಾರೆ. ಗರಗಸ ಮೀನು ಹತ್ತಿರದ ನೆಂಟ. ಎಲ್ಲ ತೊರಕೆಯ ಕಡೆಯವರೇ. ಪುಸ್ತಕವನ್ನು ಮನೆಗೆ ತಂದು ಮೇಜಿನ ಮೇಲೆ ಬಿಟ್ಟೆ. ಮಗಳಿಗೆ ಓದು ಎಂದು ಹೇಳಲಿಲ್ಲ, ಓದಬೇಡ ಎಂದೂ ಹೇಳಲಿಲ್ಲ.

ಜೂನ್ ೨೪, ಶನಿವಾರ

ಮಧ್ಯಾಹ್ನ ಮಗಳು ಬುತ್ತಿ ಹಿಡಿದುಕೊಂಡು ಅಕ್ವೇರಿಯಮ್ಮಿಗೆ ಬಂದಳು. ಅವರಪ್ಪ ಕಳಿಸಿರಬೇಕು ಎಂದುಕೊಂಡೆ; ಅವಳೇ ಹೊರಟಳಂತೆ. ತೊಟ್ಟಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ಉಂಡೆವು. ಸೌಟಮ್ಮ ಗೋಡೆ ಬಿಟ್ಟು ನಿಧಾನವಾಗಿ ಒಂದು ಸುತ್ತು ಬಂತು, ಬಾಲ ಬಳುಕಿಸುತ್ತ. ನಾನು ಏಡಿ ಇಳಿಸಿದೆ. ಅದರ ಮೇಲೆ ಮೈ ಹಾಸಿ ಮಲಗಿತು. ಆಮೇಲೆ ಕಟಂ ಎಂದು ಸದ್ದು.

"ತಿಂತು ಕಣೇ!" ಎಂದು ಕೂಗಿದೆ.

ಅವಳು ತೊಟ್ಟಿಯನ್ನೇ ನೋಡುತ್ತಿದ್ದಳು. "ಅಮ್ಮ, ಅದು ಬಾಲದಲ್ಲಿ ಈಜುತ್ತೆ."

"ಈಜಲಿ ಬಿಡು."

"ತೊರಕೆ ರೆಕ್ಕೆ ಬಡಿಯುತ್ತೆ. ಇದು ಬಾಲದಲ್ಲಿ ಈಜುತ್ತೆ. ಶಾರ್ಕು."

"ಕಿವಿರು ಕೆಳಗಿದೆಯಲ್ಲೇ!"

"ಕಿವಿರು ಒಂದೇ ನೋಡಿ ಜಾತಿ ಹೇಳೋಕೆ ಯಾರು ಅಧಿಕಾರ ಕೊಟ್ರು?"

"ಗರಗಸ ಮೀನೂ ಹಾಗೇ ಈಜೋದು, ಅದೂ ತೊರಕೆ ಕಡೇದೇ. ಪುಸ್ತಕದಲ್ಲಿದೆ."

"ಪುಸ್ತಕದಲ್ಲಿ ಒಂದ್ಸಲ ಬದಲಾಯಿಸಿದಾರೆ, ನಾನು ಓದಿದೀನಿ. ಇನ್ನೊಂದ್ಸಲ ಬದಲಾಯಿಸ್ತಾರೆ. ಮತ್ತೆ ಈ ಬುತ್ತಿಗೆ ಉಪ್ಪು ಜಾಸ್ತಿ ಆಗಿದೆ, ಬಾಯಿಗೆ ಇಡೋಕಾಗಲ್ಲ."

ನಾನೇನೂ ಬಿಟ್ಟುಕೊಡಲಿಲ್ಲ. ಕಿವಿರು ಕೆಳಗಿದ್ದರೆ ತೊರಕೆಯೇ, ಬ್ರಹ್ಮ ಬಂದು ಹೇಳಿದರೂ ತೊರಕೆಯೇ. ಇಬ್ಬರ ದನಿಯೂ ಏರಿ ಡಾಕ್ಟರ್ ಓಡಿ ಬಂದಳು. ಊಟ ಅರ್ಧಕ್ಕೇ ನಿಂತಿತು, ಮಧ್ಯಾಹ್ನದ ಕೆಲಸವೆಲ್ಲ ಹಿಂದೆ ಬಿತ್ತು. ಸಾಲದ್ದಕ್ಕೆ ಆ ಸೆಕೆಯಲ್ಲಿ ಸಂಜೆಯವರೆಗೆ ನಾನು ಒಣಗಿದ ಗಂಟಲಲ್ಲೇ ಇರಬೇಕಾಯಿತು: ವಾದದ ನಡುವೆ ಲಾಯರಮ್ಮ ನನ್ನ ನೀರಿನ ಬಾಟಲಿ ಎತ್ತಿ ಪೂರ್ತಿ ಖಾಲಿ ಮಾಡಿದ್ದಳು, ಒಂದು ಮಾತು ಕೇಳಲೂ ಇಲ್ಲ.